ಸೋನಾರ್ ಕುರುಡಾಗುವ ಆ ಒಂದು ನಿಮಿಷ

ಪ್ರಶ್ನೆ: ಇತ್ತೀಚೆಗೆ 1957ರ ‘ದಿ ಎನಿಮಿ ಬಿಲೋ’ ಸಿನಿಮಾ ನೋಡಿದೆ. ಒಂದು ಅಮೆರಿಕನ್ ಯುದ್ಧನೌಕೆ, ಒಂದು ಜರ್ಮನ್ ಸಬ್‌ಮರೀನ್, ಇಬ್ಬರು ಕ್ಯಾಪ್ಟನ್‌ಗಳು, ಇಷ್ಟೇ ಕಥೆ. ಇಬ್ಬರೂ ಎದುರಾಳಿಯ ಮನಸ್ಸು ಓದಿದ ಹಾಗೆ ಆಡುತ್ತಾರೆ. ಇದು ಸಿನಿಮಾದವರು ಹಾಕಿದ ಮಸಾಲೆ ಅಲ್ವಾ? ಸೋನಾರ್ ಇದ್ದ ಮೇಲೆ ಊಹೆ ಯಾಕೆ ಬೇಕು? ಅಷ್ಟೊಂದು ಬಾಂಬ್ ಹಾಕಿದರೂ ಸಬ್‌ಮರೀನ್ ಯಾಕೆ ಮುಳುಗುವುದಿಲ್ಲ? ಕೊನೆಗೆ ಹಡಗೇ ಹೋಗಿ ಡಿಕ್ಕಿ ಹೊಡೆಯುವುದು, ಶತ್ರುವಿಗೆ ಹಗ್ಗ ಎಸೆಯುವುದು ನಿಜವಾಗಿ ನಡೆದಿದೆಯಾ? ಆ ಹಡಗು ನಿಜದ್ದಾ, ಸೆಟ್ಟಾ?
(ಹುಬ್ಬಳ್ಳಿಯ ಓದುಗರೊಬ್ಬರು)

ಉತ್ತರ: ನೀವು ಮಸಾಲೆ ಅಂದುಕೊಂಡಿದ್ದೀರಲ್ಲ, ಆ ಸಿನಿಮಾದಲ್ಲಿ ಎಲ್ಲಕ್ಕಿಂತ ನಿಜವಾದ ಭಾಗ ಅದೇ. ಸುಳ್ಳು ಬೇರೆ ಕಡೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ನೌಕಾಪಡೆಯಲ್ಲಿ ಹಲವು ವರ್ಷ ಹೆಡ್‌ಫೋನ್ ಹಾಕಿಕೊಂಡು ಸೋನಾರ್ ಮುಂದೆ ಕೂತವನು. ಈ ಸಿನಿಮಾ ಮೊದಲು ನೋಡಿದ್ದು ಮೆಸ್ಸಿನಲ್ಲಿ, ಗೋಡೆಗೆ ಬೆಡ್‌ಶೀಟ್ ಕಟ್ಟಿಕೊಂಡು. ಫಿರಂಗಿ ಹಾರಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಮಾತು, ನಗು ನಡೆದೇ ಇತ್ತು. ‘ಪಿಂಗ್’ ಸದ್ದು ಶುರುವಾದಾಗ ಮಾತ್ರ ಎಲ್ಲರೂ ಗಪ್‌ಚುಪ್. ಆಮೇಲೆ ಗೊತ್ತಾಯಿತು, ಈ ಚಿತ್ರಕ್ಕೆ ಬಂದ ಆಸ್ಕರ್ ಕೂಡ ಸದ್ದಿಗೇ ಬಂದದ್ದು. ವಿಶೇಷ ಪರಿಣಾಮಗಳ ಪ್ರಶಸ್ತಿ, ಧ್ವನಿ ಕೆಲಸ ಮಾಡಿದ ವಾಲ್ಟರ್ ರಾಸಿಗೆ.

ಸೋನಾರ್ ಅಂದರೆ ಪರದೆ ಮೇಲೆ ಚುಕ್ಕೆ ಕಾಣಿಸುತ್ತದೆ, ಅಲ್ಲಿಗೆ ಬಾಂಬ್ ಹಾಕಿದರೆ ಮುಗೀತು ಅಂತ ತುಂಬಾ ಜನ ತಿಳಿದಿದ್ದಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅದು ಹೆಚ್ಚಾಗಿ ಕಿವಿಯ ಕೆಲಸ. ಹಡಗಿನ ಹೊಟ್ಟೆಯಿಂದ ‘ಪಿಂಗ್’ ಅನ್ನುವ ಒಂದು ಸದ್ದು ಕಳಿಸುತ್ತೀರಿ. ಸಮುದ್ರದ ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. 1500 ಮೀಟರ್ ಆಚೆ ಸಬ್‌ಮರೀನ್ ಇದ್ದರೆ ಹೋಗಲು ಒಂದು ಸೆಕೆಂಡು, ಬರಲು ಒಂದು ಸೆಕೆಂಡು. ಎರಡು ಸೆಕೆಂಡಿಗೆ ತೆಳ್ಳಗೆ ಒಂದು ಪ್ರತಿಧ್ವನಿ ಬರುತ್ತದೆ.

ಆ ಪ್ರತಿಧ್ವನಿಯ ಶ್ರುತಿ ಹಿಡಿಯುವುದು ಆಪರೇಟರ್‌ನ ನಿಜವಾದ ವಿದ್ಯೆ. ನೀವು ಕಳಿಸಿದ ಸ್ವರಕ್ಕಿಂತ ವಾಪಸ್ ಬಂದ ಸ್ವರ ಕೂದಲೆಳೆಯಷ್ಟು ಏರಿದ್ದರೆ ಸಬ್‌ಮರೀನ್ ನಿಮ್ಮ ಕಡೆ ಬರುತ್ತಿದೆ. ಇಳಿದಿದ್ದರೆ ದೂರ ಹೋಗುತ್ತಿದೆ. ಅದೇ ಶ್ರುತಿಯಲ್ಲಿ ಬಂದರೆ ಅಡ್ಡಲಾಗಿ ಹೋಗುತ್ತಿದೆ, ಇಲ್ಲವೇ ನಿಂತಿದೆ. ತಂಬೂರಿಯ ತಂತಿ ತಿರುಪಿದಾಗ ಅಯ್ಯೋ ಸ್ವಲ್ಪ ಜಾಸ್ತಿ ಆಯ್ತು ಅಂತ ಕಿವಿ ಹೇಳುತ್ತಲ್ಲ, ಅಷ್ಟೇ ವ್ಯತ್ಯಾಸ. ಸಂಗೀತ ಗೊತ್ತಿದ್ದ ಹುಡುಗರು ಈ ಕೆಲಸ ಬೇಗ ಕಲಿಯುತ್ತಿದ್ದರು.

ಈಗ ತೊಂದರೆ ಎಲ್ಲಿ ಅಂತ ನೋಡಿ. ರಾತ್ರಿ ಗದ್ದೆ ಬದುವಿನ ಮೇಲೆ ಟಾರ್ಚ್ ಹಿಡಿದು ನಡೆಯುತ್ತಿದ್ದೀರಿ ಅಂದುಕೊಳ್ಳಿ. ಟಾರ್ಚನ್ನು ನೆಟ್ಟಗೆ ಮುಂದಕ್ಕೇ ಹಿಡಿದಿದ್ದೀರಿ. ಹತ್ತು ಮಾರು ದೂರದ ಕಲ್ಲು ಚೆನ್ನಾಗಿ ಕಾಣುತ್ತದೆ, ಕಾಲ ಬುಡದ ಹಾವು ಕಾಣುವುದಿಲ್ಲ. ಆ ಕಾಲದ ಸೋನಾರ್ ಹೀಗೇ ಇತ್ತು. ಬ್ರಿಟಿಷರು ಅದನ್ನು ಆಸ್ಡಿಕ್ ಅನ್ನುತ್ತಿದ್ದರು. ಸದ್ದಿನ ಕಿರಣ ಮುಂದಕ್ಕೆ ಹೋಗುತ್ತಿತ್ತೇ ಹೊರತು ಬಗ್ಗಿ ಕೆಳಗೆ ನೋಡುತ್ತಿರಲಿಲ್ಲ. ಹಡಗು ಸಬ್‌ಮರೀನ್‌ಗೆ ಹತ್ತಿರವಾದಂತೆ, ಸರಿಯಾಗಿ ಬೇಕಾದ ಹೊತ್ತಿಗೇ, ಗುರಿ ಕಿರಣದ ಕೆಳಗೆ ಜಾರಿಬಿಡುತ್ತಿತ್ತು. ಆಳದಲ್ಲಿದ್ದಷ್ಟೂ ಬೇಗ ಜಾರುತ್ತಿತ್ತು. ಎಷ್ಟು ದೂರದಲ್ಲಿ ಪ್ರತಿಧ್ವನಿ ಕಳೆದುಹೋಯಿತು ಅನ್ನುವುದರಿಂದಲೇ ಅದು ಎಷ್ಟು ಆಳದಲ್ಲಿದೆ ಅಂತ ಅಂದಾಜು ಹಾಕುತ್ತಿದ್ದರು. ಆಳವನ್ನೇ ಅಳೆಯುವ ಸೋನಾರ್ ಬಂದದ್ದು ಯುದ್ಧದ ಕೊನೆಯ ವರ್ಷಗಳಲ್ಲಿ.

ಡೆಪ್ತ್ ಚಾರ್ಜ್ ಇನ್ನೂ ತಮಾಷೆ. ಅದು ಸ್ಫೋಟಕ ತುಂಬಿದ ಡ್ರಮ್. ಹಡಗಿನ ಹಿಂಬದಿಯಿಂದ ಉರುಳಿಸುತ್ತಾರೆ, ಕೆಲವನ್ನು ಪಕ್ಕಕ್ಕೆ ಹಾರಿಸುತ್ತಾರೆ. ಅಂದರೆ ಸಬ್‌ಮರೀನ್‌ನ ತಲೆ ಮೇಲೆ ದಾಟಿ ಹೋದ ಮೇಲೆಯೇ ಬಾಂಬ್ ಬೀಳುವುದು. ಬಿದ್ದದ್ದು ಸೆಕೆಂಡಿಗೆ ಎರಡೂವರೆ, ಮೂರು ಮೀಟರ್ ಲೆಕ್ಕದಲ್ಲಿ ಮುಳುಗುತ್ತದೆ. 150 ಮೀಟರ್ ಇಳಿಯಲು ಹತ್ತಿರ ಹತ್ತಿರ ಒಂದು ನಿಮಿಷ. ಅದಕ್ಕೂ ಮುಂಚೆ, ಪ್ರತಿಧ್ವನಿ ಕಳೆದುಕೊಂಡು ಕುರುಡಾಗಿ ಸಾಗಿದ ಕಾಲು ನಿಮಿಷ ಬೇರೆ. ಇಷ್ಟು ಹೊತ್ತಿನಲ್ಲಿ ನಾಲ್ಕು ನಾಟ್, ಅಂದರೆ ಗಂಟೆಗೆ ಸುಮಾರು ಏಳು ಕಿಲೋಮೀಟರ್ ವೇಗದಲ್ಲಿ ತೆವಳುವ ಸಬ್‌ಮರೀನ್ ಕೂಡ 150 ಮೀಟರ್ ಸರಿದಿರುತ್ತದೆ. ಅದರ ಕವಚ ಒಡೆಯಬೇಕಾದರೆ ಬಾಂಬ್ ಆರೇಳು ಮೀಟರ್ ಒಳಗೆ ಸಿಡಿಯಬೇಕು. ಎಡಕ್ಕೆ ಹೋದನೋ, ಬಲಕ್ಕೋ, ಇನ್ನೂ ಕೆಳಕ್ಕೋ, ನಿಂತನೋ? ಇದನ್ನು ಯಂತ್ರ ಹೇಳುವುದಿಲ್ಲ. ಕ್ಯಾಪ್ಟನ್ ಊಹಿಸಬೇಕು.

ಕೆಳಗಿರುವವನಿಗೂ ಇದೆಲ್ಲ ಗೊತ್ತು! ಪ್ರೊಪೆಲ್ಲರ್ ಸದ್ದು ಅವನ ತಲೆ ಮೇಲೆ ರೈಲಿನಂತೆ ಬರುತ್ತದೆ. ಹಡಗು ಹತ್ತಿರವಾದಂತೆ ಪಿಂಗ್‌ಗಳು ಒತ್ತೊತ್ತಾಗುತ್ತವೆ. ಇನ್ನು ಮೇಲಿನವನಿಗೆ ನಾನು ಕೇಳಿಸುವುದಿಲ್ಲ ಅನ್ನುವ ಗಳಿಗೆಗೆ ಅವನು ಕಾಯುತ್ತಾನೆ. ಆಗ ಮೋಟಾರನ್ನು ಪೂರ್ತಿ ವೇಗಕ್ಕೆ ಬಿಟ್ಟು ಒಂದು ಕಡೆ ತಿರುಗುತ್ತಾನೆ. ಅವನು ತಿರುಗುತ್ತಾನೆ ಅಂತ ಮೇಲಿನವನಿಗೂ ಗೊತ್ತು. ಯಾವ ಕಡೆಗೆ ಅನ್ನುವುದೊಂದೇ ಪ್ರಶ್ನೆ. ಕಬಡ್ಡಿಯಲ್ಲಿ ರೈಡರ್ ಕಾಲು ಎತ್ತುವ ಮುಂಚೆ ಅವನ ಕಣ್ಣು ನೋಡುತ್ತೇವಲ್ಲ, ಹಾಗೆ. ಆದರೆ ಇಲ್ಲಿ ಕಣ್ಣು ಕಾಣುವುದಿಲ್ಲ.

ರಾಬರ್ಟ್ ಮಿಚಮ್‌ನ ಅಮೆರಿಕನ್ ಕ್ಯಾಪ್ಟನ್ ಮರೆಲ್ ಮತ್ತು ಕುರ್ಟ್ ಯುರ್ಗೆನ್ಸ್‌ನ ಜರ್ಮನ್ ಕ್ಯಾಪ್ಟನ್ ಫಾನ್ ಸ್ಟೋಲ್‌ಬರ್ಗ್ ಆಡುವುದು ಇದೇ ಆಟ. ಮರೆಲ್ ಬೇಕೆಂದೇ ನೆಟ್ಟಗೆ ಸಾಗಿ ಸುಲಭದ ಗುರಿಯಂತೆ ಕಾಣಿಸಿಕೊಳ್ಳುತ್ತಾನೆ. ಟಾರ್ಪಿಡೋ, ಅಂದರೆ ನೀರಿನೊಳಗೆ ಓಡಿ ಬರುವ ಬಾಂಬ್, ಯಾವಾಗ ಬರಬಹುದು ಅಂತ ಲೆಕ್ಕ ಹಾಕಿ ಹಡಗು ತಿರುಗಿಸಿ ತಪ್ಪಿಸಿಕೊಳ್ಳುತ್ತಾನೆ. ಟಾರ್ಪಿಡೋ ಹಾರಿಸಿದವನು ತಾನು ಎಲ್ಲಿದ್ದೇನೆ ಅಂತ ತಾನೇ ಹೇಳಿಕೊಂಡ ಹಾಗಾಯಿತಲ್ಲ! ಆಮೇಲೆ ಸಬ್‌ಮರೀನ್ ಎಷ್ಟು ಸಲ ತಪ್ಪಿಸಿಕೊಂಡರೂ ಮತ್ತೆ ಅದೇ ದಿಕ್ಕಿಗೆ ಮುಖ ಮಾಡುವುದನ್ನು ಅವನು ಗಮನಿಸುತ್ತಾನೆ. ಇವನಿಗೆ ಎಲ್ಲೋ ತಲುಪುವ ಅವಸರ ಇದೆ ಅಂತ ಅವನಿಗೆ ಹೊಳೆಯುತ್ತದೆ. ನನಗೆ ಜಾಸ್ತಿ ಇಷ್ಟವಾದದ್ದು ಇದರ ತಿರುಗುಬಾಣ. ಮರೆಲ್‌ನ ದಾಳಿಗೂ ಒಂದು ಕ್ರಮ ಬಂದುಬಿಡುತ್ತದೆ. ಅದನ್ನು ಕೆಳಗಿನವನು ಹಿಡಿಯುತ್ತಾನೆ. ಸರಿಯಾದ ಹೊತ್ತಿಗೆ ಟಾರ್ಪಿಡೋ ಬಿಟ್ಟು ಹೊಡೆಯುತ್ತಾನೆ. ಸಮುದ್ರದಲ್ಲಿ ಗಡಿಯಾರದಂತೆ ಕೆಲಸ ಮಾಡಿದವನು ಸತ್ತ ಅಂತಲೇ ಲೆಕ್ಕ.

ಇಷ್ಟು ಕರಾರುವಾಕ್ಕಾಗಿ ಬರಲು ಕಾರಣವಿದೆ. ಚಿತ್ರಕ್ಕೆ ಮೂಲವಾದ 1956ರ ಕಾದಂಬರಿ ಬರೆದ ಡೆನಿಸ್ ರೇನರ್ ಯುದ್ಧದಲ್ಲಿ ಅಟ್ಲಾಂಟಿಕ್ ಬೆಂಗಾವಲು ಹಡಗುಗಳ ಕಮಾಂಡರ್ ಆಗಿದ್ದವರು. ಪುಸ್ತಕದಲ್ಲಿ ಹಡಗು ಬ್ರಿಟಿಷರದ್ದು. ಹಾಲಿವುಡ್ ಅದನ್ನು ಅಮೆರಿಕನ್ ಮಾಡಿತು. ನಿರ್ದೇಶಕ ಡಿಕ್ ಪವೆಲ್ ಒಂದು ಕಾಲಕ್ಕೆ ಹಾಡು, ಕುಣಿತದ ಚಿತ್ರಗಳ ಹೀರೋ ಅಂತ ಹೇಳಿದರೆ ನೀವು ನಂಬಲಿಕ್ಕಿಲ್ಲ.

ಅಷ್ಟೊಂದು ಬಾಂಬಿಗೂ ಯಾಕೆ ಮುಳುಗಲಿಲ್ಲ ಅಂತ ಕೇಳಿದ್ದೀರಿ. ಬ್ರಿಟಿಷ್ ನೌಕಾಪಡೆಯ ಲೆಕ್ಕವೇ ಇದೆ. ಯುದ್ಧದಲ್ಲಿ ಅವರು ಮಾಡಿದ 5174 ಡೆಪ್ತ್ ಚಾರ್ಜ್ ದಾಳಿಗಳಲ್ಲಿ ಮುಳುಗಿದ್ದು 85 ಸಬ್‌ಮರೀನ್. ಸುಮಾರು 60 ದಾಳಿಗೆ ಒಂದು. ದಾಳಿ ಅಂದರೆ ಒಂದು ಬಾಂಬ್ ಅಲ್ಲ, ಒಂದೊಂದು ಸಲಕ್ಕೂ ಹತ್ತರಂತೆ. ತಪ್ಪಿದ ಬಾಂಬ್ ಸುಮ್ಮನೆ ತಪ್ಪುವುದೂ ಇಲ್ಲ. ಸಿಡಿದು ನೀರನ್ನು ಕಲಕಿ ಹಾಕುತ್ತದೆ. ಆ ಗದ್ದಲದಲ್ಲಿ ಮುಂದಿನ ಹತ್ತು ಹದಿನೈದು ನಿಮಿಷ ಸೋನಾರ್‌ಗೆ ಏನೂ ಕೇಳಿಸುವುದಿಲ್ಲ. ತಪ್ಪಿಸಿಕೊಳ್ಳುವವನಿಗೆ ಅದು ವರ.

ಇದಕ್ಕೆ ಮದ್ದೂ ಸಿಕ್ಕಿತ್ತು. ಚಿತ್ರದಲ್ಲಿ ಅದಕ್ಕೆ ಕೆಲಸವೇ ಇಲ್ಲ. ಬೇಟೆ ಪೂರ್ತಿ ಡೆಪ್ತ್ ಚಾರ್ಜ್ ಮೇಲೆ ನಿಂತಿದೆ. ಮದ್ದಿನ ಹೆಸರು ಹೆಡ್ಜ್‌ಹಾಗ್. ಹಡಗಿನ ಮುಂಭಾಗದಲ್ಲಿ ಮುಳ್ಳುಗಳಂತೆ ನಿಲ್ಲಿಸಿದ 24 ಸಣ್ಣ ಬಾಂಬ್‌ಗಳು. ಅವು ಹಡಗಿನ ಮುಂದೆ ಇನ್ನೂರು ಮೀಟರ್ ಆಚೀಚೆ ಹೋಗಿ ಬೀಳುತ್ತವೆ. ಅಂದರೆ ಪ್ರತಿಧ್ವನಿ ಇನ್ನೂ ಕಿವಿಯಲ್ಲಿರುವಾಗಲೇ ಹೊಡೆಯಬಹುದು. ಜತೆಗೆ, ಸಬ್‌ಮರೀನ್‌ಗೆ ತಾಗಿದರೆ ಮಾತ್ರ ಸಿಡಿಯುತ್ತವೆ. ತಾಗದಿದ್ದರೆ ನಿಶ್ಶಬ್ದ, ಬೇಟೆ ಮುಂದುವರಿಯುತ್ತದೆ. ಇದರ ಲೆಕ್ಕ 268 ದಾಳಿಗೆ 47. ಆರಕ್ಕೆ ಒಂದು! ಮೇ 1944ರಲ್ಲಿ ಪೆಸಿಫಿಕ್‌ನಲ್ಲಿ ಅಮೆರಿಕದ ‘ಇಂಗ್ಲೆಂಡ್’ ಹೆಸರಿನ ಹಡಗು ಹನ್ನೆರಡು ದಿನದಲ್ಲಿ ಆರು ಜಪಾನಿ ಸಬ್‌ಮರೀನ್ ಮುಳುಗಿಸಿದ್ದು ಇದರಿಂದಲೇ. ಅದೂ ನಿಮ್ಮ ಸಿನಿಮಾದ ಹಡಗಿನ ಜಾತಿಯದೇ, ಬಕ್ಲಿ ಕ್ಲಾಸ್. ಮರೆಲ್ ಕೈಗೆ ಹೆಡ್ಜ್‌ಹಾಗ್ ಕೊಟ್ಟಿದ್ದರೆ ಇಂಟರ್‌ವಲ್‌ಗೆ ಮುಂಚೆ ಕಥೆ ಮುಗಿದುಹೋಗುತ್ತಿತ್ತೋ ಏನೋ. ಬರಹಗಾರರಿಗೆ ಅದು ಬೇಡ, ನನಗೂ ಬೇಡ.

ಇನ್ನೊಂದು ಉಪಾಯ ಬ್ರಿಟಿಷ್ ಕ್ಯಾಪ್ಟನ್ ಫ್ರೆಡರಿಕ್ ಜಾನ್ ವಾಕರ್‌ದು. ಒಂದು ಹಡಗು ದೂರ ನಿಂತು ಪಿಂಗ್ ಮಾಡುತ್ತಾ ಗುರಿಯನ್ನು ಕಿವಿಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಎರಡನೇ ಹಡಗು ಪಿಂಗ್ ಮಾಡದೆ, ಐದು ನಾಟ್ ವೇಗದಲ್ಲಿ ಬೆಕ್ಕಿನಂತೆ ನಡೆದು ಬರುತ್ತದೆ. ಮೊದಲನೆಯದು ಈಗ ಅಂದಾಗ ಎರಡನೆಯದು ಡ್ರಮ್ ಉರುಳಿಸುತ್ತದೆ. ಕೆಳಗಿನವನಿಗೆ ದೂರದ ಪಿಂಗ್ ಮಾತ್ರ ಕೇಳುತ್ತದೆ, ತಲೆ ಮೇಲಿನ ಹಡಗು ಕೇಳುವುದಿಲ್ಲ. 1944ರ ಜನವರಿ ಕೊನೆಯಿಂದ ಫೆಬ್ರುವರಿವರೆಗಿನ ಒಂದೇ ಯಾನದಲ್ಲಿ ವಾಕರ್ ಗುಂಪು ಆರು ಸಬ್‌ಮರೀನ್ ಮುಳುಗಿಸಿತು. ಇದಕ್ಕೆ ಎರಡು ಹಡಗು ಬೇಕು. ಮರೆಲ್ ಒಂಟಿ. ಹಾಗಾಗಿ ಅವನು ಹಳೆಯ ದಾರಿಯನ್ನೇ ಹಿಡಿಯಬೇಕು.

ಆ ದಾರಿ ಎಂದರೆ ಸುಸ್ತು ಮಾಡಿ ಹಿಡಿಯುವುದು. ಜರ್ಮನರ ಸೆವೆನ್ ಸಿ ಮಾದರಿಯ ಸಬ್‌ಮರೀನ್ ನೀರಿನೊಳಗೆ ಬ್ಯಾಟರಿ ಮೇಲೆ ಓಡುತ್ತಿತ್ತು. ನಾಲ್ಕು ನಾಟ್ ವೇಗದಲ್ಲಿ ಹೋದರೆ 80 ಸಮುದ್ರ ಮೈಲಿ, ಅಂದರೆ 20 ಗಂಟೆ. ಪೂರ್ತಿ ವೇಗದಲ್ಲಿ ಹೋದರೆ ಸುಮಾರು ಒಂದು ಗಂಟೆಗೆ ಬ್ಯಾಟರಿ ಖಾಲಿ. ಗಾಳಿಯೂ ಕೆಡುತ್ತಾ ಬರುತ್ತದೆ. ಅದಕ್ಕೇ ಮರೆಲ್ ಗಂಟೆಗೊಮ್ಮೆ ಬಾಂಬ್ ಹಾಕುತ್ತಾನೆ. ತಗುಲುತ್ತದೆ ಅಂತಲ್ಲ, ಕೆಳಗಿನವರಿಗೆ ನಿದ್ದೆ ಬರಬಾರದು ಅಂತ. ಇದರ ನಿಜ ಕಥೆ ಸಿನಿಮಾವನ್ನೂ ಮೀರಿಸುತ್ತದೆ. ಫೆಬ್ರುವರಿ 29, 1944ರಂದು ಬ್ರಿಟಿಷ್ ಹಡಗುಗಳು ಯು 358 ಎಂಬ ಸಬ್‌ಮರೀನ್‌ನ ಬೆನ್ನು ಹತ್ತಿದವು. ಎರಡು ಹಡಗುಗಳು ಎಣ್ಣೆ ಮುಗಿದು ಮಧ್ಯದಲ್ಲೇ ಹೊರಟುಹೋದವು. 38 ಗಂಟೆ ನಡೆಯಿತು. ಕೊನೆಗೆ ಸಬ್‌ಮರೀನ್ ಗೂಲ್ಡ್ ಎಂಬ ಹಡಗಿಗೆ ಟಾರ್ಪಿಡೋ ಹೊಡೆದು ಮುಳುಗಿಸಿತು. ಆಮೇಲೆ ತಾನೂ ಮೇಲೆ ಬರಲೇಬೇಕಾಯಿತು. ಉಳಿದಿದ್ದ ಅಫ್ಲೆಕ್ ಹಡಗಿನ ಫಿರಂಗಿಗೆ ಸಿಕ್ಕಿ ಮುಳುಗಿತು. ಸಬ್‌ಮರೀನ್‌ನಲ್ಲಿ ಬದುಕಿದವನು ಒಬ್ಬನೇ ಒಬ್ಬ.

ಡಿಕ್ಕಿ ವಿಷಯಕ್ಕೆ ಬನ್ನಿ. ಮೇ 6, 1944ರ ಬೆಳಗಿನ ಜಾವ, ಅಟ್ಲಾಂಟಿಕ್‌ನ ಕೇಪ್ ವರ್ಡೆ ದ್ವೀಪಗಳ ಪಶ್ಚಿಮಕ್ಕೆ, ಬೆಳದಿಂಗಳಲ್ಲಿ. ಆ ಕ್ಲಾಸಿಗೆ ಹೆಸರು ಕೊಟ್ಟ ‘ಬಕ್ಲಿ’ ಹಡಗೇ ಮೇಲೆದ್ದಿದ್ದ ಯು 66ಕ್ಕೆ ಗುದ್ದಿ ಅದರ ಮೇಲೆ ಹತ್ತಿ ಕೂತಿತು. ಜರ್ಮನರು ಕೆಲವರು ಹಡಗಿನ ಮೂತಿಯ ಮೇಲೆ ಹತ್ತಿ ಬಂದರು. ಇಷ್ಟು ಹತ್ತಿರಕ್ಕೆ ಫಿರಂಗಿ ಕೆಳಗೆ ಬಾಗುವುದಿಲ್ಲ. ಅಮೆರಿಕನ್ ನಾವಿಕರು ಕೈಗೆ ಸಿಕ್ಕಿದ್ದನ್ನು ಎಸೆದರು. ಖಾಲಿ ಶೆಲ್ ಡಬ್ಬಿಗಳು, ಕಾಫಿ ಮಗ್‌ಗಳು. ಹೌದು, ಕಾಫಿ ಮಗ್. ಹಡಗಿನ ಅಧಿಕೃತ ವರದಿಯಲ್ಲೇ ಇದೆ. ನಮ್ಮ ಹಡಗಿನ ಮಗ್ಗುಗಳನ್ನು ನೋಡಿದವನಾಗಿ ಹೇಳುತ್ತೇನೆ, ತಲೆಗೆ ಬಿದ್ದರೆ ಮನುಷ್ಯ ಏಳುವುದಿಲ್ಲ. ಕಡೆಗೆ ಬಕ್ಲಿ ಅದೇ ಜಾಗದಲ್ಲಿ ಸುತ್ತಾಡಿ 36 ಜರ್ಮನರನ್ನು ನೀರಿನಿಂದ ಎತ್ತಿಕೊಂಡಿತು.

ಅಂದರೆ ಹಗ್ಗ ಎಸೆದದ್ದೂ ಸುಳ್ಳಲ್ಲ. ಆದರೆ ಅದರ ಇನ್ನೊಂದು ಮಗ್ಗುಲು ಚಿತ್ರದಲ್ಲಿ ಬರುವುದಿಲ್ಲ. ಸಿನಿಮಾದ ಕಥೆ ನಡೆಯುವ ದಕ್ಷಿಣ ಅಟ್ಲಾಂಟಿಕ್‌ನಲ್ಲೇ, ಸೆಪ್ಟೆಂಬರ್ 1942ರಲ್ಲಿ, ಯು 156 ‘ಲಕೋನಿಯಾ’ ಎಂಬ ಬ್ರಿಟಿಷ್ ಹಡಗನ್ನು ಮುಳುಗಿಸಿತು. ನೀರಿನಲ್ಲಿ ನೂರಾರು ಜನ ಇರುವುದು ಕಂಡು ಅದರ ಕ್ಯಾಪ್ಟನ್ ಹಾರ್ಟನ್‌ಸ್ಟೈನ್ ಅವರನ್ನು ಎತ್ತಿಕೊಳ್ಳಲು ನಿಂತ. ರೆಡ್‌ಕ್ರಾಸ್ ಬಟ್ಟೆ ಹಾಸಿ, ನನ್ನ ಮೇಲೆ ದಾಳಿ ಮಾಡಬೇಡಿ ಅಂತ ರೇಡಿಯೋದಲ್ಲಿ ಹೇಳಿದ. ಆದರೂ ಅಮೆರಿಕನ್ ವಿಮಾನವೊಂದು ಬಂದು ಬಾಂಬ್ ಹಾಕಿತು. ಆಮೇಲೆ ಜರ್ಮನ್ ಅಡ್ಮಿರಲ್ ಡೋನಿಟ್ಸ್ ಇನ್ನು ಯಾರನ್ನೂ ಎತ್ತಬೇಡಿ ಅಂತ ಆದೇಶವನ್ನೇ ಹೊರಡಿಸಿದ. ಸಿನಿಮಾ ಬಂದದ್ದು ಪಶ್ಚಿಮ ಜರ್ಮನಿ ನ್ಯಾಟೋ ಸೇರಿದ ಎರಡು ವರ್ಷಕ್ಕೆ. ಕೊನೆಯಲ್ಲಿ ಇಬ್ಬರು ಕ್ಯಾಪ್ಟನ್‌ಗಳು ಸಿಗರೇಟ್ ಹಂಚಿಕೊಂಡು ಮಾತಾಡುವಾಗ ಆ ವರ್ಷದ ಗಾಳಿಯೂ ಸ್ವಲ್ಪ ಬೀಸುತ್ತದೆ ಅಂತ ನನಗನ್ನಿಸುತ್ತದೆ.

ಸುಳ್ಳು ಎಲ್ಲಿದೆ ಅಂತ ಹೇಳುತ್ತೇನೆ ಅಂದಿದ್ದೆ. ಮೊದಲನೆಯದು ಸಬ್‌ಮರೀನ್ ಒಳಗಿನ ಜಾಗ. ಚಿತ್ರದಲ್ಲಿ ಅದು ಮಲೆನಾಡಿನ ತೊಟ್ಟಿಮನೆಯಷ್ಟು ವಿಶಾಲ, ಚೊಕ್ಕ! ನಿಜದ ಸೆವೆನ್ ಸಿ ಒಳಗೆ ಐವತ್ತರ ಹತ್ತಿರ ಜನ, ಎರಡೇ ಪಾಯಿಖಾನೆ. ಅದರಲ್ಲೊಂದಕ್ಕೆ ಯಾನದ ಶುರುವಿನಲ್ಲಿ ತಿಂಡಿ ಸಾಮಾನು ತುಂಬಿರುತ್ತಿದ್ದರು. ವಿಶಾಖಪಟ್ಟಣದ ಬೀಚಿನಲ್ಲಿ ‘ಕುರ್ಸುರಾ’ ಸಬ್‌ಮರೀನ್ ಮ್ಯೂಸಿಯಂ ಇದೆ, ಹೋದರೆ ಒಳಗೆ ಹೊಕ್ಕು ನೋಡಿ. ಅದು ಇದಕ್ಕಿಂತ ಎಷ್ಟೋ ದೊಡ್ಡದು. ಆದರೂ ಎದುರಿಗೆ ಒಬ್ಬ ಬಂದರೆ ನೀವು ಗೋಡೆಗೆ ಅಂಟಬೇಕು. ಎರಡನೆಯದು, ಸಬ್‌ಮರೀನ್ ಸಮುದ್ರದ ತಳಕ್ಕೆ ಕೂತು ಸುಮ್ಮನಿರುವ ದೃಶ್ಯ. ನಡು ಸಾಗರದಲ್ಲಿ ತಳ ಸಾವಿರಾರು ಮೀಟರ್ ಕೆಳಗಿರುತ್ತದೆ. ತಲುಪುವ ಮೊದಲೇ ಸಬ್‌ಮರೀನ್ ತಗಡಿನ ಡಬ್ಬಿಯಂತೆ ಅಪ್ಪಚ್ಚಿಯಾಗುತ್ತದೆ. ಚಿತ್ರದಲ್ಲಿ ಜರ್ಮನರು ಗ್ರಾಮಫೋನ್ ಹಾಕಿಕೊಂಡು ಹಾಡುತ್ತಾರಲ್ಲ, ಅದಕ್ಕೆ ಮೆಸ್ಸಿನಲ್ಲಿ ನಾವೆಲ್ಲ ನಕ್ಕಿದ್ದೆವು. ತಲೆ ಮೇಲೆ ಸೋನಾರ್ ಇರುವಾಗ ಚಮಚ ಬೀಳಿಸಿದರೂ ಬೈಗುಳ ತಿನ್ನಬೇಕು, ಇವರು ಕೋರಸ್ ಹಾಡುತ್ತಾರೆ! ಈಗ ನೋಡಿದರೆ ನಗು ಬರುವುದಿಲ್ಲ. ಹೆದರಿ ಕಿರುಚುವ ಹುಡುಗರಿಗೆ ಆ ಕ್ಯಾಪ್ಟನ್ ಇನ್ನೇನು ಕೊಡಬಹುದಿತ್ತು?

ನಮ್ಮ ಕಡೆಯ ನೀರಿನ ಬಗ್ಗೆಯೂ ಒಂದು ಮಾತು. ಬಿಸಿಲಿಗೆ ಸಮುದ್ರದ ಮೇಲ್ಪದರ ಕಾಯುತ್ತದೆ, ಕೆಳಗೆ ತಂಪು. ಸದ್ದು ತಂಪಿನ ಕಡೆಗೆ ಬಾಗುತ್ತದೆ. ಹಾಗಾಗಿ ಬೆಳಿಗ್ಗೆ ಚೆನ್ನಾಗಿ ಕೇಳುತ್ತಿದ್ದ ಸೋನಾರ್ ಮಧ್ಯಾಹ್ನ ಮಂಕಾಗುತ್ತದೆ. ಕಾರವಾರದ ಆಚೆ ಒಮ್ಮೆ ಅರ್ಧ ಗಂಟೆ ಒಂದು ಗಟ್ಟಿ ಪ್ರತಿಧ್ವನಿಯನ್ನು ಅಟ್ಟಿಕೊಂಡು ಹೋಗಿದ್ದೆವು. ಶ್ರುತಿ ಒಂದು ಸಲ ಏರಿತು, ಒಂದು ಸಲ ಇಳಿಯಿತು. ಕೊನೆಗೆ ನೋಡಿದರೆ ಬಂಗುಡೆ ಹಿಂಡು. ನನ್ನನ್ನು ತಿಂಗಳುಗಟ್ಟಲೆ ಬಂಗುಡೆ ಅಂತಲೇ ಕರೆದರು.

ನಗುವ ಮಾತಲ್ಲದ್ದೂ ಇದೆ. ಡಿಸೆಂಬರ್ 9, 1971ರ ರಾತ್ರಿ ದಿಯು ಆಚೆ ನಮ್ಮ ‘ಖುಕ್ರಿ’ಯನ್ನು ಪಾಕಿಸ್ತಾನದ ‘ಹ್ಯಾಂಗರ್’ ಸಬ್‌ಮರೀನ್ ಮುಳುಗಿಸಿತು. ಖುಕ್ರಿ ಸಬ್‌ಮರೀನ್ ಬೇಟೆಗೆಂದೇ ಕಟ್ಟಿದ ಹಡಗು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಸೇರಿ 194 ಮಂದಿ ಹೋದರು. ಆಮೇಲೆ ದಿನಗಟ್ಟಲೆ ಹುಡುಕಿದರೂ ಹ್ಯಾಂಗರ್ ಸಿಗದೆ ಮನೆ ಸೇರಿಕೊಂಡಿತು. ಮುಲ್ಲಾ ಅವರ ಹೆಸರು ಬಂದಾಗ ನಮ್ಮ ಮೆಸ್ಸಿನಲ್ಲಿ ಯಾರೂ ಸಿನಿಮಾ ಮಾತು ಎತ್ತುತ್ತಿರಲಿಲ್ಲ.

ಉಳಿದದ್ದು ನಿಮ್ಮ ಕೊನೆಯ ಪ್ರಶ್ನೆ. ಹಡಗು ನಿಜದ್ದೇ. ಚಿತ್ರದ ‘ಹೇನ್ಸ್’ ಆಗಿ ನಟಿಸಿದ್ದು ಅಮೆರಿಕದ ‘ವೈಟ್‌ಹರ್ಸ್ಟ್’. ಡಿಕ್ಕಿ ಮಾತ್ರ ಮಾದರಿ ಹಡಗುಗಳದ್ದು. ಡೆಪ್ತ್ ಚಾರ್ಜ್‌ಗಳು ನಿಜವಾದವು, ಡೆಕ್ ಮೇಲೆ ಓಡಾಡುವ ಎಷ್ಟೋ ಮಂದಿ ಅದರ ನಿಜವಾದ ನಾವಿಕರು. ನೀವು ನೋಡಿದ ಅಟ್ಲಾಂಟಿಕ್ ಹವಾಯಿ ಪಕ್ಕದ ಪೆಸಿಫಿಕ್. ವೈಟ್‌ಹರ್ಸ್ಟ್ ಯುದ್ಧವನ್ನೂ ಕಂಡಿತ್ತು. ಅಕ್ಟೋಬರ್ 1944ರಲ್ಲಿ ಫಿಲಿಪೀನ್ಸ್ ಹತ್ತಿರ ಒಂದು ಜಪಾನಿ ಸಬ್‌ಮರೀನ್ ಮುಳುಗಿಸಿತು, ಹೆಡ್ಜ್‌ಹಾಗ್‌ನಿಂದ. ಮುಂದಿನ ಏಪ್ರಿಲ್‌ನಲ್ಲಿ ಓಕಿನಾವಾ ಬಳಿ ಆತ್ಮಾಹುತಿ ವಿಮಾನದ ಏಟು ತಿಂದೂ ಉಳಿಯಿತು. 1971ರಲ್ಲಿ ವಯಸ್ಸಾದ ಅದನ್ನು ಸಮುದ್ರಕ್ಕೆ ಎಳೆದೊಯ್ದು ಗುರಿ ಅಭ್ಯಾಸಕ್ಕೆ ಬಿಟ್ಟರು. ಮುಳುಗಿಸಿದ್ದು ‘ಟ್ರಿಗರ್’ ಅನ್ನುವ ಅಮೆರಿಕದ್ದೇ ಸಬ್‌ಮರೀನ್.